ಹಸುಬೆಯ ಎರಡು ಮಗ್ಗುಲು



ತುಮಕೂರು ರಸ್ತೆಯ ಅಂಚಿನ ಟಿ. ದಾಸರಹಳ್ಳಿಯಲ್ಲಿ ವಾಸಮಾಡುವವನೊಬ್ಬನು ಕುದುರೆಯ ಜೀನಿಗೆ ಕಟ್ಟುವ ಚೀಲಗಳ ವಿಚಾರವಾಗಿ ಮಾತನಾಡಲು ಬಾನುಲಿಯ ಮುಂದೆ ಬಂದು ಕುಳಿತನೆಂದರೆ, ಬಯಲುಸೀಮೆಯವನು ಹಡಗಿನ ಹಾಯಿಯನ್ನು ಕುರಿತು ಉಪನ್ಯಾಸ ಮಾಡಲು ಹೊರಟಂತೆ ನಿಮಗೆ ತೋರಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನೆತ್ತಿಯ ಮೇಲೆ ಮೆಟ್ರೋ ರೈಲು, ಅದರ ಕೆಳಗೆ ಹಗಲಿರುಳೆನ್ನದೆ ಹರಿಯುವ ಲಾರಿ ಬಸ್ಸುಗಳ ಅವಿಚ್ಛಿನ್ನ ಪ್ರವಾಹ, ಒತ್ತಿನಲ್ಲೇ ಪೀಣ್ಯದ ಕಾರ್ಖಾನೆಗಳು. ಇವುಗಳ ನಡುವೆ ಅಶ್ವಕ್ಕೆ ಎಡೆಯೆಲ್ಲಿ? ಆದರೂ ಭಾನುವಾರದ ಮುಂಜಾವದಲ್ಲಿ, ಹಾಲಿನವನು ಬರುವುದಕ್ಕೂ ಮುನ್ನ, ನಮ್ಮ ಮನೆಯ ಮಹಡಿಯಲ್ಲಿ ನಿಂತು ನೋಡಿದರೆ, ನೆಲಮಂಗಲದ ಕಡೆಗೆ ಸಾಲುಗಟ್ಟಿ ಓಡುವ ಮೋಟಾರು ಸೈಕಲ್ಲುಗಳ ಹಿಂಬದಿಯಲ್ಲಿ ಎಡಬಲಕ್ಕೆ ಇಳಿಬಿದ್ದ ಜೋಡಿ ಚೀಲಗಳು ಕಾಣುತ್ತವೆ; ಅವುಗಳನ್ನು ಆ ಸವಾರರು ಸ್ಯಾಡಲ್ ಬ್ಯಾಗು ಎಂದೇ ಕರೆಯುತ್ತಾರೆ. ಬೆನ್ನೂ ಇಲ್ಲದ, ಬೆವರೂ ಇಲ್ಲದ ಒಂದು ಯಂತ್ರಕ್ಕೆ ಜೀನಿನ ಚೀಲವೆಂಬ ಹೆಸರು ಅಂಟಿಕೊಂಡು ಉಳಿದಿರುವುದನ್ನು ಕಂಡಾಗಲೆಲ್ಲ, ಕುದುರೆ ಹೋದರೂ ಅದರ ನೆರಳು ಇನ್ನೂ ಹೋಗಿಲ್ಲವೆಂದು ನನಗೆ ಅನಿಸುವುದುಂಟು.

ಈ ವಿಷಯ ನನ್ನ ಪಾಲಿಗೆ ಬಂದುದು ಮಾತ್ರ ಮೋಟಾರಿನಿಂದಲ್ಲ. ಪಶುವೈದ್ಯನಾಗಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದು ನಿವೃತ್ತನಾಗಿ, ದಿನಪತ್ರಿಕೆಯನ್ನು ಎರಡಾವರ್ತಿ ಓದುವಷ್ಟು ಪುರುಸೊತ್ತು ಪಡೆದಿರುವ ನನ್ನ ಬಳಿಗೆ ನೆರೆಮನೆಯ ತರುಣನೊಬ್ಬನು ಒಂದು ಸಂಜೆ ಬಂದನು. ಹೆಸರಘಟ್ಟದ ದಿಕ್ಕಿನಲ್ಲಿರುವ ಒಂದು ಸವಾರಿ ಶಾಲೆಯಲ್ಲಿ ಎರಡು ವರ್ಷದಿಂದ ಕುದುರೆ ಹತ್ತುವುದನ್ನು ಕಲಿಯುತ್ತಿರುವವನು. ಗೆಳೆಯರೊಡನೆ ದೊಡ್ಡಬಳ್ಳಾಪುರದಾಚೆಯ ಮಾಕಳಿದುರ್ಗದ ತಪ್ಪಲಿನವರೆಗೆ, ಟಾರು ರಸ್ತೆಯನ್ನು ಸಾಧ್ಯವಾದಷ್ಟು ಬಿಟ್ಟು, ಕೆರೆಯ ಏರಿ ಮತ್ತು ಬಂಡಿಜಾಡುಗಳ ಮೇಲೆ ಎರಡು ದಿನದ ಸವಾರಿ ಹೋಗುವ ಹುಮ್ಮಸ್ಸಿನಲ್ಲಿದ್ದನು. ಕೈಯಲ್ಲಿ ಎರಡು ಚಿತ್ರಗಳಿದ್ದುವು: ಒಂದರಲ್ಲಿ ಹೂಬಳ್ಳಿ ಕೆತ್ತಿದ ದಪ್ಪ ಚರ್ಮದ ಜೋಡಿ ಚೀಲ, ಇನ್ನೊಂದರಲ್ಲಿ ಜೀನಿನ ಪಕ್ಕಕ್ಕೆ ಓರೆಯಾಗಿ ಕಟ್ಟಿದ ಕೋವಿಯ ಒರೆ. "ಯಾವುದು ಬಹುಕಾಲ ಬಾಳುತ್ತದೆ, ಹೇಳಿ" ಎಂಬುದೊಂದೇ ಅವನ ಪ್ರಶ್ನೆ.

"ಮೊದಲನೆಯದು ಹಸುಬೆಯಲ್ಲವೇನಯ್ಯ?" ಎಂದೆ. ಅವನಿಗೆ ಆ ಶಬ್ದವೇ ತಿಳಿದಿರಲಿಲ್ಲ. ಹಸಿಬೆ, ಹಸುಬೆ ಎಂದು ಎರಡು ಬಗೆಯಾಗಿಯೂ ಹೇಳುವ ಈ ಪದಾರ್ಥವನ್ನು ನನ್ನ ವಯಸ್ಸಿನವರು ತಮ್ಮ ಅಜ್ಜಂದಿರ ಹೆಗಲ ಮೇಲೆ ಕಂಡಿರಲಿಕ್ಕೆ ಸಾಕು. ಉದ್ದನೆಯ ಒಂದೇ ಬಟ್ಟೆಯ ಎರಡು ತುದಿಗಳನ್ನೂ ಚೀಲವಾಗಿ ಹೊಲಿದು ನಡುವನ್ನು ಬರಿದೇ ಬಿಟ್ಟಿರುವುದು ಅದರ ರಚನೆ. ಸಂತೆಗೆ ಹೋಗುವ ಮುದುಕನ ಹೆಗಲ ಮೇಲಿದ್ದರೆ ಒಂದು ಚೀಲ ಎದೆಗೆ, ಮತ್ತೊಂದು ಬೆನ್ನಿಗೆ. ಎತ್ತಿನ ಮೇಲೋ ಕುದುರೆಯ ಮೇಲೋ ಇದ್ದರೆ ಒಂದು ಎಡಕ್ಕೆ, ಮತ್ತೊಂದು ಬಲಕ್ಕೆ. ಹೊರುವುದು ನಡುವಿನ ಬರಿದಾದ ಬಟ್ಟೆ, ತುಂಬುವುದು ಕೊನೆಗಳಲ್ಲಿ. ಹೆಸರು ಹೋದುದರೊಡನೆ ಅದರೊಳಗಿದ್ದ ವಿವೇಕವೂ ಹೋಯಿತೇನೋ ಎಂದು ಆ ಹುಡುಗನ ಚಿತ್ರಪಟವನ್ನು ನೋಡುತ್ತ ನನಗೆ ಶಂಕೆಯಾಯಿತು; ಏಕೆಂದರೆ ಅದರಲ್ಲಿ ಚೀಲದ ಅಂದವಿತ್ತು, ಚೀಲವನ್ನು ಹೊರತಕ್ಕ ಬೆನ್ನು ಇರಲಿಲ್ಲ.

ನಮ್ಮ ಮನೆಯ ಮುಂದಿನ ಈ ರಸ್ತೆಯೇ ಒಂದು ಕಾಲಕ್ಕೆ ಇಂಥ ಚೀಲಗಳ ರಾಜಮಾರ್ಗವಾಗಿದ್ದಿತು. 1800ನೆಯ ಇಸವಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನು ಸುತ್ತಿ ಬರೆದಿಟ್ಟ ವೃತ್ತಾಂತದಲ್ಲಿ, ಜನುಪದ ನಾರಿನಿಂದ ಗೋಣಿಯನ್ನು ನೇಯುವ ಗೋಣಿಗರ ವಿಚಾರವಿದೆ. ಬಂಡಿಯ ಜಾಡೇ ವಿರಳವಾಗಿದ್ದ ಆ ದಿನಗಳಲ್ಲಿ ಅಡಕೆಯಾಗಲಿ ಉಪ್ಪಾಗಲಿ ಧಾನ್ಯವಾಗಲಿ ಊರಿಂದೂರಿಗೆ ಸಾಗುತ್ತಿದ್ದುದು ಹೇರೆತ್ತಿನ ಬೆನ್ನ ಮೇಲೆ, ಆ ಗೋಣಿಯಲ್ಲಿ. ಸಾವಿರಾರು ಹೇರೆತ್ತುಗಳನ್ನು ಅಟ್ಟಿಕೊಂಡು ನಡೆಯುತ್ತಿದ್ದ ಲಂಬಾಣಿಗಳು 1791-92ರ ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿಗೆ ಅಕ್ಕಿಕಾಳು ಒದಗಿಸಿದುದನ್ನು ಚರಿತ್ರೆ ಬಲ್ಲದು. ಶ್ರೀರಂಗಪಟ್ಟಣದ ಮುತ್ತಿಗೆಯ ಕಥೆಯನ್ನು ಹೇಳುವವರು ಫಿರಂಗಿಗಳನ್ನು ಎಣಿಸುತ್ತಾರೆಯೇ ಹೊರತು ಆ ಎತ್ತುಗಳ ಹಲ್ಲಣಗಳನ್ನು ಎಣಿಸುವವರಿಲ್ಲ. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಬಂಡಿ ಓಡಾಡತಕ್ಕ ರಸ್ತೆಗಳು ಹಬ್ಬಿದುವು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಓಡಿತು. ಹೇರೆತ್ತು ಹಿಂದೆ ಸರಿಯಿತು. ಆದರೆ ಹೇರು ಎಂಬ ಮಾತು ಭಾಷೆಯಲ್ಲಿ ನಿಂತುಬಿಟ್ಟಿತು.

ಆ ಹೇರಿನವರು ತಕ್ಕಡಿಯಿಲ್ಲದೆ ಬಲ್ಲ ಸಂಗತಿಯೊಂದಿತ್ತು. ಎಡದ ಮೂಟೆ ಬಲದ ಮೂಟೆಗೆ ಸಮನಾಗಿಲ್ಲದಿದ್ದರೆ ಎರಡು ಹರಿದಾರಿ ಕಳೆಯುವುದರೊಳಗೆ ಹಲ್ಲಣ ಒಂದು ಕಡೆಗೆ ವಾಲುತ್ತದೆ. ವಾಲಿದ ಹಲ್ಲಣ ಬೆನ್ನೆಲುಬಿನ ಏಣನ್ನು ಉಜ್ಜುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆ ಎರಡು ಪಶುಗಳದ್ದು. ಇಲ್ಲಿ ಆ ಜಗಳವೆಲ್ಲ ಒಂದೇ ಪಶುವಿನ ಬೆನ್ನ ಮೇಲೆ ನಡೆಯುತ್ತದೆ.

ಆದುದರಿಂದ ನಾನು ಹುಡುಗನಿಗೆ ಚರ್ಮದ ಮಾತನ್ನು ಆಮೇಲಕ್ಕೆ ಇಟ್ಟು, ಮೊದಲು ಒಂದು ಲೆಕ್ಕವನ್ನು ಕೊಟ್ಟೆ. ನಮ್ಮ ದೇಶದ ಕುದುರೆ, ಕಾಠಿಯಾವಾಡಿಯೋ ಮಾರ್ವಾಡಿಯೋ ಬೆರಕೆಯೋ ಆಗಿರಲಿ, 380 ಕಿಲೋಗ್ರಾಂ ತೂಗುವುದೆಂದು ಇಟ್ಟುಕೊಳ್ಳೋಣ. ತನ್ನ ತೂಕದ ಐದನೆಯ ಒಂದು ಪಾಲಿಗೆ ಮಿಗಿಲಾಗಿ ಹೊರಿಸಬಾರದೆಂಬುದು ಸವಾರಿ ಬಲ್ಲವರಲ್ಲಿ ರೂಢಿಯಾಗಿ ಬಂದಿರುವ ಮಿತಿ. ಹಾಗಾದರೆ 76 ಕಿಲೋ. ಹುಡುಗನ ತೂಕ 58, ಜೀನು ಮೊದಲಾದ ಸಾಮಗ್ರಿ 9, ಕೂಡಿದರೆ 67. ಉಳಿದುದು ಒಂಬತ್ತೇ ಕಿಲೋ, ಎಂದರೆ ಮಗ್ಗುಲಿಗೆ ನಾಲ್ಕೂವರೆ. ಚಿತ್ರದಲ್ಲಿದ್ದ ಆ ಕೆತ್ತನೆಯ ಚೀಲಗಳಾದರೋ ಬರಿದಾಗಿದ್ದಾಗಲೇ ಮೂರು ಕಿಲೋವಿಗೆ ಕಡಮೆಯಿಲ್ಲದಂತೆ ತೋರುತ್ತಿದ್ದುವು. ನೂರು ವರ್ಷ ಬಾಳುವ ಚೀಲವೆಂಬ ಹೆಮ್ಮೆಗಾಗಿ ಕುದುರೆಯಿಂದ ಪ್ರತಿಯೊಂದು ಹೆಜ್ಜೆಗೂ ಸುಂಕ ವಸೂಲು ಮಾಡುವುದು ಯಾವ ನ್ಯಾಯ? ಒಂದು ಲೀಟರು ನೀರೆಂದರೆ ಒಂದು ಕಿಲೋ. ಆದಕಾರಣ ಎರಡು ಶೀಷೆಗಳನ್ನು ಎರಡು ಮಗ್ಗುಲಿಗೂ ಹಂಚಿ, ಕುಡಿಯುವಾಗ ಒಂದು ಗುಟುಕು ಇದರಿಂದ, ಒಂದು ಗುಟುಕು ಅದರಿಂದ ಕುಡಿಯಬೇಕೆಂದು ನಾನು ಹೇಳಿದಾಗ ಅವನು ನಕ್ಕನು. ನಗಬೇಕಾದ ಮಾತಲ್ಲ; ದಿನವೆಲ್ಲ ಒಂದೇ ಶೀಷೆಯಿಂದ ಕುಡಿದವನ ಜೀನು ಸಂಜೆಯ ಹೊತ್ತಿಗೆ ಯಾವ ಕಡೆಗೆ ಜಾರಿದೆಯೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಚೀಲವನ್ನು ಎಲ್ಲಿ ಕಟ್ಟತಕ್ಕದ್ದು ಎಂಬ ವಿಚಾರ. ಕುದುರೆಗೆ ಹದಿನೆಂಟು ಜೊತೆ ಪಕ್ಕೆಲುಬುಗಳಿವೆ. ಜೀನು ಕುಳಿತುಕೊಳ್ಳುವುದು ಆ ಪಕ್ಕೆಲುಬುಗಳ ಕಮಾನಿನ ಆಸರೆಯ ಮೇಲೆ. ಕೊನೆಯ ಪಕ್ಕೆಲುಬಿನಿಂದ ಹಿಂದಕ್ಕೆ, ಸೊಂಟದ ಪ್ರದೇಶದಲ್ಲಿ ಅಂಥ ಆಸರೆಯಿಲ್ಲ. ಮೇಲೆ ಬೆನ್ನೆಲುಬಿನ ಅಡ್ಡಚಾಚುಗಳೂ ಮಾಂಸಖಂಡಗಳೂ, ಅವುಗಳ ಕೆಳಗೆ ಮೂತ್ರಪಿಂಡಗಳು. ಪಾಪ, ಜನ ಮೂಟೆ ಕಟ್ಟುವುದು ಅಲ್ಲಿಯೇ, ಕೈಗೆ ಸುಲಭವೆಂದು. ಹೀಗಾಗಿ ಭಾರವಾದ ವಸ್ತುಗಳನ್ನು, ಎಂದರೆ ನೀರು, ಲಾಳದ ಮೊಳೆ, ಕೊಡತಿಗಳನ್ನು, ಜೀನಿನ ಮುಂಭಾಗದಲ್ಲಿ ಹೆಗಲೆಲುಬಿನ ಆಟಕ್ಕೆ ಅಡ್ಡಿಯಾಗದಷ್ಟು ಮೇಲಕ್ಕೆ ತೂಗುವ ಪುಟ್ಟ ಜೋಡಿ ಚೀಲದಲ್ಲಿಟ್ಟು, ಹಿಂದಿನ ಚೀಲಕ್ಕೆ ಬುತ್ತಿ, ಪಂಚೆ, ಕಂಬಳಿಯಂಥ ಹಗುರವಾದವುಗಳನ್ನು ಮಾತ್ರ ಒಪ್ಪಿಸುವುದು ಯುಕ್ತ. ಅದರ ಕೆಳತುದಿಗೆ ಒಂದೊಂದು ಪಟ್ಟಿಯಿದ್ದು, ಕುದುರೆಯ ಹೊಟ್ಟೆಪಟ್ಟಿಗೋ ಜೀನಿನ ಉಂಗುರಕ್ಕೋ ಬಿಗಿದು ಕಟ್ಟುವಂತಿರಬೇಕು. ಇಲ್ಲವಾದರೆ ದುಡಿಕಿ ಓಟದಲ್ಲಿ ಅದು ಹೆಜ್ಜೆಹೆಜ್ಜೆಗೂ ಎದ್ದೆದ್ದು ಬಡಿದು, ಸಾಧುವಾದ ಕುದುರೆಗೂ ಕೋಪ ಬರಿಸುತ್ತದೆ.

ಬೆನ್ನುಹುಣ್ಣನ್ನು ನಾನು ಎಷ್ಟು ಕಂಡೆನೋ ಲೆಕ್ಕವಿಲ್ಲ. ಜಾತ್ರೆಯ ಜಟಕಾ ಕುದುರೆ, ಮದುವೆಯ ಮೆರವಣಿಗೆಯ ಕುದುರೆ, ಇಟ್ಟಿಗೆ ಹೊರುವ ಕತ್ತೆ, ಎಲ್ಲದರ ಕಥೆಯೂ ಒಂದೇ: ಒಂದು ಗಂಟು, ಒಂದು ಮಡಿಕೆ, ಒಂದು ಬಕಲಿನ ಮೂಲೆ ಚರ್ಮವನ್ನು ಗಂಟೆಗಟ್ಟಲೆ ಒತ್ತಿ ಹಿಡಿದು, ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಬತ್ತಿ, ಜೀನು ಬಿಚ್ಚಿದ ಮೇಲೆ ಬಾವು, ಮೂರನೆಯ ದಿನ ವ್ರಣ. ಮಾಗಿದರೂ ಅಲ್ಲಿಯ ರೋಮ ಬೆಳ್ಳಗೆ ಹುಟ್ಟುತ್ತದೆ. ಕಂದು ಕುದುರೆಯ ಬೆನ್ನ ಮೇಲೆ ಕಾಸಿನಗಲದ ಬಿಳಿಯ ಮಚ್ಚೆಗಳಿದ್ದರೆ ಅವು ಹಳೆಯ ಒಡೆಯನೊಬ್ಬನ ಅಜಾಗ್ರತೆಯ ಶಾಸನವೆಂದು ಓದಿಕೊಳ್ಳಬಹುದು. ಕನ್ನಡದಲ್ಲಿ ಅಶ್ವವೈದ್ಯವನ್ನು ಬರೆದ ಅಭಿನವಚಂದ್ರನಂಥವರು ಹಿಂದೆಯೇ ಇದ್ದರು; ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ಕುದುರೆಗಳು ನಡೆಯುತ್ತವೆ; ನಮ್ಮ ತುಮಕೂರು ರಸ್ತೆಯಿಂದ ಕವಲೊಡೆದು ಹೋದರೆ ಸಿಕ್ಕುವ ಕುಣಿಗಲ್ಲಿನಲ್ಲಿ ಹೈದರ್ ಟೀಪುಗಳ ಕಾಲದಿಂದಲೂ ಕುದುರೆಯ ತಳಿ ಬೆಳೆಸುತ್ತ ಬಂದಿದ್ದಾರೆ. ಇಷ್ಟಿದ್ದೂ ನಮ್ಮಲ್ಲಿ ಕುದುರೆಯೆಂದರೆ ಹತ್ತುವ ಮಾತೇ ಹೊರತು ಇಳಿದ ಮೇಲೆ ಬೆನ್ನು ತಡವಿ ನೋಡುವ ಮಾತು ಕಡಮೆ.

ಹುಡುಗನು ತಾಳ್ಮೆಗೆಡುತ್ತಿದ್ದನು, "ಚರ್ಮವೋ ಕ್ಯಾನ್ವಾಸೋ ಅದನ್ನು ಹೇಳಿ" ಎಂದನು. ಹೇಳುತ್ತೇನೆ. ಚರ್ಮವನ್ನು ಹದಮಾಡುವುದರಲ್ಲಿ ಎರಡು ಮಾರ್ಗಗಳುಂಟು. ಆವರಿಕೆಯ ತೊಗಟೆ, ಅಳಲೆಕಾಯಿ ಮೊದಲಾದ ಒಗರು ಪದಾರ್ಥಗಳಲ್ಲಿ ವಾರಗಟ್ಟಲೆ ನೆನಸಿ ಹದಗೊಳಿಸಿದುದು ಒಂದು. ಕ್ರೋಮಿಯಂ ಲವಣಗಳಿಂದ ಬೇಗನೆ ಹದಗೊಳಿಸಿದುದು ಇನ್ನೊಂದು. ಮೊದಲನೆಯದು ಗಡುಸು, ಕೊಟ್ಟ ಆಕಾರವನ್ನು ಬಿಡದು, ಪಟ್ಟಿ ಮತ್ತು ಜೀನುಗಳಿಗೆ ಶ್ರೇಷ್ಠ. ಆದರೆ ನೆನೆದು ಅವಸರದಲ್ಲಿ ಒಣಗಿದರೆ ಬಿರಿಯುತ್ತದೆ. ಎರಡನೆಯದು ಮೆದು, ನೀರಿಗೆ ಅಷ್ಟಾಗಿ ಅಂಜದು, ಆದರೆ ಭಾರಕ್ಕೆ ಹಿಗ್ಗುತ್ತದೆ. ಹಿಗ್ಗಿದ ಪಟ್ಟಿಯೆಂದರೆ ಸಮತೋಲ ಕೆಟ್ಟಂತೆಯೇ. ಬೆಂಗಳೂರಿನ ಟ್ಯಾನರಿ ರಸ್ತೆ ಎಂಬ ಹೆಸರೇ ಸಾರುವಂತೆ ಈ ಕಸುಬು ನಮಗೆ ದೂರದ್ದಲ್ಲ. ಕ್ಯಾನ್ವಾಸು ಮಳೆಯಲ್ಲಿ ನೆನೆದಾಗ ಅದರ ಎಳೆಗಳು ಉಬ್ಬಿ ರಂಧ್ರಗಳನ್ನು ಮುಚ್ಚುವುದರಿಂದ ಒಳಗಿನ ವಸ್ತು ಬಹುಮಟ್ಟಿಗೆ ಒಣಗಿರುತ್ತದೆ. ಹಾಗೆಯೇ ಮಡಿಚಿಟ್ಟರೆ ನಮ್ಮ ಆಷಾಢದ ಗಾಳಿಯಲ್ಲಿ ಹತ್ತು ದಿನಕ್ಕೆ ಬೂಷ್ಟು. ನೈಲಾನು ಕೊಳೆಯುವುದಿಲ್ಲ, ಹಗುರ. ಬಿಸಿಲು ಅದನ್ನು ವರ್ಷಾಂತರದಲ್ಲಿ ತಿನ್ನುತ್ತದೆ, ಅದರ ಪ್ಲಾಸ್ಟಿಕ್ಕಿನ ಕೊಂಡಿ ಒಡೆದರೆ ಕಾಡಿನ ನಡುವೆ ಬದಲಿ ಸಿಕ್ಕದು. ನನ್ನ ಒಲವು ಯಾವುದೆಂದು ಕೇಳಿದರೆ: ಮೈ ಕ್ಯಾನ್ವಾಸಿನದು, ಪಟ್ಟಿಗಳೂ ಉಜ್ಜುವ ಮೂಲೆಗಳೂ ಒಗರುಹದದ ಚರ್ಮದವು. ಅಂದದಲ್ಲಿ ಇದು ಅಷ್ಟಕ್ಕಷ್ಟೆ.

ಆದರೆ ಚೀಲಗಳು ಸಾಯುವುದು ಸಾಧಾರಣವಾಗಿ ಮೈಯಲ್ಲಲ್ಲ, ಹೊಲಿಗೆಯಲ್ಲಿ. ಕುದುರೆಯ ಬೆವರು ಉಪ್ಪುಪ್ಪಾದುದು. ಅದು ಹತ್ತಿಯ ನೂಲನ್ನು ಒಳಗಿಂದೊಳಗೇ ಜೀರ್ಣಮಾಡುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ನೂಲೂ ಕೆಳಗಿನ ನೂಲೂ ಒಂದಕ್ಕೊಂದು ಕೊಂಡಿಹಾಕಿಕೊಂಡಿರುವುದರಿಂದ ಒಂದೆಡೆ ತುಂಡಾದರೆ ಸಾಲೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ; ಜೀನುಗಾರನ ಕೈಹೊಲಿಗೆಯಲ್ಲಿ ಮೇಣ ಸವರಿದ ಒಂದೇ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿಯೊಂದು ರಂಧ್ರದಲ್ಲಿಯೂ ಎರಡನ್ನೂ ಎದುರುಬದುರಾಗಿ ದಾಟಿಸುವುದರಿಂದ, ಒಂದು ಹೊಲಿಗೆ ಹರಿದರೂ ನೆರೆಯದು ನಿಲ್ಲುತ್ತದೆ. ಬಕಲು ಹಿತ್ತಾಳೆಯದಾಗಿರಬೇಕು. ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣವನ್ನೇ ಹಿತ್ತಾಳೆಯೆಂದು ಮಾರುವ ಅಂಗಡಿಗಳಿಗೆ ಕೊರತೆಯಿಲ್ಲದ ಕಾರಣ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತವನ್ನು ಇಟ್ಟುಕೊಂಡು ಹೋಗುವುದು ಲೇಸು; ಅದು ಅಂಟಿಕೊಂಡರೆ ವರ್ತಕನ ಮುಖವನ್ನು ನೋಡದೆ ಹಿಂದಿರುಗಬಹುದು.

ಈಗ ಕೋವಿಯ ಒರೆಗೆ ಬರೋಣ. ಹುಡುಗನ ಮನಸ್ಸು ನಿಜವಾಗಿ ನೆಟ್ಟಿದ್ದುದು ಅದರ ಮೇಲೆಯೇ. ಈ ಉಪಕರಣ ನಮ್ಮ ಉತ್ತರ ಬೆಂಗಳೂರಿಗೆ ಅಪರಿಚಿತವಲ್ಲ. ಆರ್.ಟಿ. ನಗರಕ್ಕೆ ಸಮೀಪದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕವಿದೆ; 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಜೋಧಪುರದ ರಾವುತರೊಡನೆ ಗೆದ್ದುಕೊಂಡವರು ಅವರು; ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಏರಿ ಅಲ್ಲಿಯ ಫಿರಂಗಿಗಳ ಮೇಲೆ ಬಿದ್ದುದು ಮೈಸೂರಿನವರ ಪಾಲಿನ ಸಾಹಸ. ಈಟಿಯ ಹೆಸರು ಹೊತ್ತ ಆ ಕಾಲದ ಅಶ್ವದಳಗಳವರು ಬಂದೂಕನ್ನೂ ಒಯ್ಯುತ್ತಿದ್ದರು. ಅದರ ಹಿಡಿಯ ಕಡೆಯನ್ನು ಜೀನಿನ ಹಿಂಬದಿಗೆ ತೂಗುವ ಚರ್ಮದ ಗೂಡಿನಲ್ಲಿ ಇಳಿಬಿಡುವುದು ದಂಡಿನ ಪದ್ಧತಿ, ಆ ಗೂಡನ್ನು ಬಕೆಟ್ಟೆಂದೇ ಕರೆಯುತ್ತಿದ್ದರು. ಸುಮಾರು ನಾಲ್ಕು ಕಿಲೋ ತೂಗುವ ಬಂದೂಕು ಒಂದು ಮಗ್ಗುಲಾದರೆ ಖಡ್ಗವೂ ಬದಲಿ ಲಾಳಗಳೂ ಎದುರು ಮಗ್ಗುಲು. ಯುದ್ಧಭೂಮಿಯಲ್ಲಿಯೂ ಹಸುಬೆಯ ನ್ಯಾಯ ತಪ್ಪಲಿಲ್ಲ.

ಇಂದಿಗೂ ಬಂದೂಕು ಒಯ್ಯುವ ದೇಶಗಳ ಸವಾರರು ಒರೆಯನ್ನು ಕಟ್ಟುವ ಕ್ರಮಗಳು ಹಲವು. ಹಿಡಿ ಮುಂದಕ್ಕೆ ಮೇಲಾಗಿದ್ದರೆ ಕೈಗೆ ಸಲೀಸು, ಆದರೆ ಪೊದೆಯ ಕೊಂಬೆಗಳು ಅದಕ್ಕೇ ತಗುಲಿಕೊಳ್ಳುತ್ತವೆ. ಕಾಲಿನ ಕೆಳಗೆ ಹಾಯ್ದುಹೋದರೆ ಮೊಣಕಾಲು ದಿನವಿಡೀ ಅಗಲವಾಗಿ, ಸಂಜೆಗೆ ನೋವು. ಹಿಂದಕ್ಕೆ ಕಟ್ಟಿದರೆ ನೋಟಕ್ಕೆ ಮರೆ. ಕೆಳತುದಿಯಲ್ಲಿ ನೀರು ಬಸಿಯಲು ಒಂದು ರಂಧ್ರವಿಲ್ಲದ ಒರೆ ನಿರುಪಯುಕ್ತ. ಕುರಿಯ ತುಪ್ಪಳವನ್ನು ಅಸ್ತರಿಯಾಗಿ ಕೊಟ್ಟ ಒರೆ ಮೋಹಕ, ಆದರೆ ಆ ತುಪ್ಪಳ ತೇವವನ್ನು ಹಿಡಿದಿಟ್ಟುಕೊಂಡು ಉಕ್ಕಿಗೆ ತುಕ್ಕು ತರಿಸುತ್ತದೆ. ಒರೆಯಿರುವುದು ಪಯಣಕ್ಕೆ, ಉಗ್ರಾಣಕ್ಕಲ್ಲ. ಬಂದೂಕಿನಲ್ಲಿ ಗುಂಡು ತುಂಬಿರಕೂಡದು. ಇಳಿಯುವಾಗ ಅದನ್ನು ಕೈಯಲ್ಲಿ ಹಿಡಿದೇ ಇಳಿಯಬೇಕು, ಏಕೆಂದರೆ ಬೆದರಿ ಓಡಿದ ಕುದುರೆ ಅದನ್ನೂ ಹೊತ್ತುಕೊಂಡೇ ಓಡುತ್ತದೆ.

"ಆದರೆ ನಿನ್ನಲ್ಲಿ ಬಂದೂಕೆಲ್ಲಿದೆ?" ಎಂದು ಕೇಳಿದೆ. ಇರಲಿಲ್ಲ. 1959ರ ಆಯುಧಗಳ ಕಾಯಿದೆಯಂತೆ ಪರವಾನಗಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು, ಅಭಯಾರಣ್ಯದೊಳಕ್ಕೆ ಅನುಮತಿಯಿಲ್ಲದೆ ಆಯುಧ ಹಿಡಿದು ಕಾಲಿಡುವುದೇ ಅಪರಾಧ. ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯುಂಟು. ಅವರ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ದಾಸರಹಳ್ಳಿಯ ನಮಗೆ ಆ ಹೂವೂ ಇಲ್ಲ, ಕೋವಿಯೂ ಇಲ್ಲ. ಮಾಕಳಿದುರ್ಗದ ದಾರಿಯಲ್ಲಿ ಬರಿಯ ಒರೆಯನ್ನು ಕಟ್ಟಿಕೊಂಡು ಹೋದರೂ ಪೋಲೀಸಿನವರಿಗೆ ಉತ್ತರ ಹೇಳಬೇಕಾದೀತೆಂದೆ. ಮುಖ ಸಪ್ಪಗಾಯಿತು. ಕನಿಕರದಿಂದ, "ಒರೆಯಲ್ಲಿ ಕೊಡೆಯನ್ನಾದರೂ ಇಟ್ಟುಕೊ, ಮಳೆಗಾಲ" ಎಂದುಬಿಟ್ಟೆ. ಆಡಬಾರದಿತ್ತು, ಆಡಿದೆ.

ಮೆಟ್ರೋ ಮಾರ್ಗದ ಕಂಬವೊಂದರ ನೆರಳಿನಲ್ಲಿ ಕುಳಿತು ಪಾದರಕ್ಷೆಗಳನ್ನು ದುರಸ್ತಿಮಾಡುವ ವೃದ್ಧನೊಬ್ಬನಿದ್ದಾನೆ. ಹುಡುಗನು ಕ್ಯಾನ್ವಾಸು, ಚರ್ಮದ ಪಟ್ಟಿ, ಅಯಸ್ಕಾಂತದ ಪರೀಕ್ಷೆ ಗೆದ್ದ ಹಿತ್ತಾಳೆಯ ಬಕಲುಗಳನ್ನು ಹೊಂದಿಸಿಕೊಂಡು ಅವನ ಮುಂದೆ ಹೋಗಿ ನಿಂತು, ಎರಡು ಸೂಜಿಯ ಹೊಲಿಗೆ ಬರುತ್ತದೆಯೇ ಎಂದು ಕೇಳಿದಾಗ, ಆತನು ತಲೆಯೆತ್ತಿ, "ಯಾವ ಎತ್ತಿಗೆ?" ಎಂದನಂತೆ. ಆತನ ತಂದೆ ಕಪಿಲೆಯ ಬಾವಿಗೆ ನೀರೆತ್ತುವ ತೊಗಲ ಚೀಲಗಳನ್ನು ಹೊಲಿದವನು. ನಾಲ್ಕು ದಿನದಲ್ಲಿ ಹಸುಬೆ ಸಿದ್ಧವಾಯಿತು. ಕೊಡುವುದಕ್ಕೆ ಮುನ್ನ ಆತನು ಅದನ್ನು ಫುಟ್‌ಪಾತಿನ ಕಬ್ಬಿಣದ ಕಂಬಿಯ ಮೇಲೆ ನೇತುಹಾಕಿ, ಎರಡೂ ಕಡೆಗೆ ಎರಡೆರಡು ಅಚ್ಚಿನ ಗೊಂಬೆಗಳನ್ನು, ಎಂದರೆ ಕಾಲಿನಾಕಾರದ ಆ ಮರದ ತುಂಡುಗಳನ್ನು, ಇಳಿಬಿಟ್ಟು, ಸ್ವಲ್ಪ ದೂರ ಸರಿದು ಒಂದು ಕಣ್ಣು ಮುಚ್ಚಿ ನೋಡಿದನು. ಬಲದ ಪಟ್ಟಿ ಅರ್ಧ ಬೆರಳಷ್ಟು ಉದ್ದವಾಗಿತ್ತು. ಕೂಲಿ ಕೇಳದೆ ಬಿಚ್ಚಿ ಮತ್ತೆ ಹೊಲಿದನು. ಮಿಕ್ಕ ಚರ್ಮದ ತುಂಡಿನಲ್ಲಿ ಕೊಡೆಗೊಂದು ಒರೆಯೂ ಆಯಿತು, ತುದಿಯಲ್ಲಿ ರಂಧ್ರಸಹಿತವಾಗಿ. ಪಟ್ಟಿಗಳಿಗೆ ಹರಳೆಣ್ಣೆ ಸವರಿ ಒಂದು ರಾತ್ರಿ ನೆರಳಿನಲ್ಲಿಡು, ಒಲೆಯ ಹತ್ತಿರ ಇಡಬೇಡ ಎಂಬುದು ಆತನ ಉಪದೇಶ. ನಾನು ಹೇಳಬೇಕೆಂದಿದ್ದ ಮಾತನ್ನು ಆತನೇ ಹೇಳಿದ್ದನು.

ಸವಾರಿ ಮುಗಿಸಿ ಹುಡುಗನು ಹಿಂದಿರುಗಿದುದು ಭಾನುವಾರದ ರಾತ್ರಿ. ಹೆಸರಘಟ್ಟದ ಕೆರೆಯ ಬಳಿ ಜಡಿಮಳೆ ಹಿಡಿದಿತ್ತಂತೆ. ಅಡಿಯಿಂದ ಮುಡಿಯವರೆಗೆ ನೆನೆದು ನಮ್ಮ ಜಗಲಿಯ ಮೇಲೆ ನಿಂತು, ಕುದುರೆಯ ಬೆನ್ನಿನ ಮೇಲೆ ಒಂದು ಗೀರೂ ಇಲ್ಲವೆಂದು, ನಾನು ಕೇಳುವುದಕ್ಕೂ ಮೊದಲೇ ವರದಿ ಒಪ್ಪಿಸಿದನು. ಹಸುಬೆಯೊಳಗಿದ್ದ ಚಪಾತಿಯ ಬುತ್ತಿಯನ್ನು ತೆಗೆದು ತೋರಿಸಿದನು, ಒಣಗಿಯೇ ಇತ್ತು. ಕೊಡೆ ಏನಾಯಿತೆಂದು ಕೇಳಿದೆ. ಅದನ್ನು ಅರ್ಧ ಬಿಚ್ಚುವುದರೊಳಗೆ ಕುದುರೆ ನಾಲ್ಕೂ ಕಾಲಿನಲ್ಲಿ ಪಕ್ಕಕ್ಕೆ ಹಾರಿತೆಂದೂ, ಆಮೇಲೆ ಅದನ್ನು ಒರೆಯಿಂದ ಹೊರಕ್ಕೆ ತೆಗೆಯಲೇ ಇಲ್ಲವೆಂದೂ ಹೇಳಿ, ನೀರಿಳಿಯುತ್ತಿದ್ದ ಆ ಒರೆಯನ್ನು ನಮ್ಮ ಬಾಗಿಲ ಗೂಟಕ್ಕೆ ತಗುಲಿಸಿ ಮನೆಗೆ ಹೋದನು.